ಎದುರಿಗೆ ಬರುವವರ ಕಣ್ಣು

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೊಳ್ಳೆಪರದೆಯಲ್ಲಿ ಸುತ್ತಿಟ್ಟ ಎರಡು ದೀಪಗಳಿವೆ. ದೇವರ ಮುಂದೆ ಹಚ್ಚುವಂಥವಲ್ಲ, ಜೀಪಿನ ಮುಂದೆ ಹಾಕುವಂಥವು. ಊಟದ ತಟ್ಟೆಯಷ್ಟು ಅಗಲ, ಹಿಂದೆ ಕರಿಯ ಲೋಹದ ಕವಚ. ಮೊನ್ನೆ ಉಪ್ಪಿನಕಾಯಿ ಜಾಡಿ ಹುಡುಕಲು ಅಟ್ಟ ಹತ್ತಿದವಳು ಜಾಡಿಯನ್ನು ಮರೆತು ಅವುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಮಾರಿಬಿಡಬಹುದು, ಕೊಳ್ಳುವವರು ಬೇಕಾದಷ್ಟು ಜನ. ಆದರೆ ಕೊಂಡವರು ಅವನ್ನು ಗಾಡಿಗೆ ಹಾಕಿಕೊಳ್ಳುತ್ತಾರಲ್ಲ! ಎಸೆದರೂ ಯಾರಾದರೂ ಎತ್ತಿಕೊಂಡು ಹಾಕಿಕೊಂಡಾರು. ಹಾಗಾಗಿ ಅವು ಅಟ್ಟದಲ್ಲಿಯೇ ಇವೆ. ಅವು ಅಲ್ಲಿಗೆ ಏರಿದ ಕತೆಯನ್ನು ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ಹೆಮ್ಮೆಯ ಕತೆಯಲ್ಲ.

ನಾನು ದನದ ಡಾಕ್ಟರು. ಮನೆ ನಂಜನಗೂಡಿನಲ್ಲಿ, ಕೆಲಸ ಅಲ್ಲಿಂದ ತಿ. ನರಸೀಪುರದ ತನಕ ರಸ್ತೆಯ ಎರಡೂ ಮಗ್ಗುಲಿನ ಹಳ್ಳಿಗಳಲ್ಲಿ. ಬಹಳ ವರ್ಷ ಸ್ಕೂಟರಿನಲ್ಲೇ ಓಡಾಡಿದೆ. ಮಳೆಗಾಲ ಬಂತೆಂದರೆ ನಾಲೆ ಏರಿಯ ಎರೆಮಣ್ಣಿನಲ್ಲಿ ಸ್ಕೂಟರು ಹೂತುಕೊಳ್ಳುತ್ತಿತ್ತು. ಹಸುವಿಗೆ ಚಿಕಿತ್ಸೆ ಕೊಡಲು ಹೋದವಳನ್ನು ಹಸುವಿನ ಮನೆಯವರೇ ಹಗ್ಗ ಹಾಕಿ ಎಳೆಯುವುದು ಎರಡು ಮೂರು ಸಲ ಆದಮೇಲೆ ನಾಚಿಕೆಯಾಗಿ, ಹಳೆಯದೊಂದು ಫೋರ್ ವ್ಹೀಲ್ ಡ್ರೈವ್ ಜೀಪು ಕೊಂಡೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಅದಕ್ಕೆಂದು ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಗೇರಿತ್ತು. "ಇದನ್ನ ಸುಮ್‌ಸುಮ್ನೆ ಮುಟ್ಬೇಡಿ ಮೇಡಂ" ಎಂದು ಮಾರಿದವರು ಹೇಳಿದ್ದರು. ಆ ಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ ಮೂರು ತಿಂಗಳು ಅದರ ಕಡೆ ನೋಡಲೇ ಇಲ್ಲ. ಕೆಸರಿನಲ್ಲಿ ಜೀಪೂ ಸ್ಕೂಟರಿನಷ್ಟೇ ಚೆನ್ನಾಗಿ ಹೂತುಕೊಂಡಿತು. ಈಗಲೂ ನಾನು ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣಲೆಂದು ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು ಕೂರುವವಳು. ಹಳ್ಳಿಯ ಹೆಂಗಸರು "ಡಾಕ್ಟ್ರಮ್ಮ ಬಂದ್ರು" ಅನ್ನುವುದು ಜೀಪನ್ನು ನೋಡಿ, ನನ್ನನ್ನು ನೋಡಿ ಅಲ್ಲ.

ಆ ಜೀಪಿನ ದೊಡ್ಡ ಕೊರತೆ ಅದರ ಕಣ್ಣು. ಹೆಡ್‌ಲೈಟು ಹಾಕಿದರೆ ಗಾಡಿಯ ಮುಂದೆ ಯಾರೋ ಬೆಂಕಿಕಡ್ಡಿ ಗೀರಿ ಹಿಡಿದುಕೊಂಡು ಓಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಒಂದು ಮಳೆಯ ಸಂಜೆ ಹದಿನಾರು ಎಂಬ ಊರಿನ ಆಚೆ, ಹೊಲದ ಮನೆಯಲ್ಲಿರುವ ಪುಟ್ಟಗೌರಮ್ಮನವರಿಂದ ಫೋನು ಬಂತು. ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಒಂದು ಕಾಲು ಮಾತ್ರ ಹೊರಗೆ ಬಂದಿದೆ. ನಾನು ಹೊರಟಾಗ ಇನ್ನೂ ಬೆಳಕಿತ್ತು, ಕಬ್ಬಿನ ಗದ್ದೆಗಳ ನಡುವೆ ನುಗ್ಗಿದಾಗ ಇರಲಿಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು. ತಿರುವು ಎಲ್ಲಿ ಹೋಯಿತೋ ಕಾಣಲಿಲ್ಲ. ತಪ್ಪು ದಾರಿ ಹಿಡಿದು, ಹಿಂದಕ್ಕೆ ತಿರುಗಿಸಲು ಜಾಗವಿಲ್ಲದೆ, ರಿವರ್ಸಿನಲ್ಲೇ ಬಂದು ಮತ್ತೆ ಹುಡುಕುವಷ್ಟರಲ್ಲಿ ಗಂಟೆಯ ಮೇಲಾಯಿತು. ನಾನು ಹೋಗುವ ಹೊತ್ತಿಗೆ ಕರು ಒಳಗೇ ಸತ್ತಿತ್ತು. ತೆಗೆದೆ. ಹಸುವೂ ಬೆಳಗಿನ ತನಕ ಉಳಿಯಲಿಲ್ಲ.

ಪುಟ್ಟಗೌರಮ್ಮ ಬಯ್ಯಲಿಲ್ಲ. ನನ್ನ ಕೈಗೆ ನೀರು ಹಾಕುತ್ತಾ, "ದಾರಿ ಕಾಣ್ನಿಲ್ವ ಅವ್ವ?" ಎಂದು ಕೇಳಿದರು. ಅಷ್ಟೇ. ಅದೊಂದು ಮಾತು ಎಷ್ಟೋ ದಿನ ಕಿವಿಯಲ್ಲಿತ್ತು.

ಮುಂದಿನ ಭಾನುವಾರವೇ ಮೈಸೂರಿಗೆ ಹೋಗಿ ಗಾಡಿ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದನ್ನು ಹೊಕ್ಕೆ. ದೀಪ ಆರಿಸುವುದು ಸೀರೆ ಆರಿಸುವುದಕ್ಕಿಂತ ಕಷ್ಟ ಎಂದು ಅವತ್ತು ತಿಳಿಯಿತು. ದುಂಡನೆಯವು, ಚೌಕದವು, ಕೋಲಿನಂತೆ ಉದ್ದನೆಯವು. ಬಿಳಿ ಬೆಳಕು, ಹಳದಿ ಬೆಳಕು. ಬಾಣದ ಹಾಗೆ ದೂರಕ್ಕೆ ಹೋಗುವುದು ಒಂದು ಜಾತಿ, ಮಗ್ಗುಲಿಗೆ ಹರಡಿಕೊಳ್ಳುವುದು ಇನ್ನೊಂದು ಜಾತಿ. ಅಂಗಡಿಯವರು ಮೊದಲು "ಸಾರ್ ಬರ್ಲಿಲ್ವಾ ಮೇಡಂ?" ಎಂದು ನನ್ನ ಹಿಂದೆ ಇಣುಕಿ ನೋಡಿದರು. ಗಾಡಿ ನನ್ನದೇ ಎಂದು ಖಾತ್ರಿಯಾದ ಮೇಲೆ ಈ ಜೋಡಿಯನ್ನು ತೆಗೆದು ಗಲ್ಲಾದ ಮೇಲಿಟ್ಟರು.

"ಇದು ಹಾಕಿದ್ರೆ ಮುಗೀತು ಮೇಡಂ. ಆ ಕಡೆ ಊರಿನ ದೇವಸ್ಥಾನ ಈ ಕಡೆ ಊರಿಂದ ಕಾಣುತ್ತೆ. ಎದುರಿಗೆ ಬರೋರು ತಾವಾಗೇ ಸೈಡಿಗೆ ಹೋಗ್ತಾರೆ."

ಆ ಕೊನೆಯ ಮಾತಿಗೆ ನಾನು ನಕ್ಕೆ ಎಂದು ನೆನಪು. ಅವರೇ ಬಂಪರಿನ ಮೇಲೆ ದೀಪ ಕೂರಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಬೇರೆ ಸ್ವಿಚ್ಚು ಕೊಟ್ಟರು. ಹೆಡ್‌ಲೈಟು ಡಿಮ್ ಮಾಡಿದರೂ ಇವು ಆರುತ್ತಿರಲಿಲ್ಲ. ಬಗ್ಗಿ, ಕೈ ಚಾಚಿ, ಹುಡುಕಿ ಆರಿಸಬೇಕು. ಅದೊಂದು ದೋಷವೆಂದು ನನಗೆ ಹೊಳೆಯಲೇ ಇಲ್ಲ.

ಮೊದಲ ದಿನ ದೀಪ ಹಾಕಿದಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ನನ್ನ ಮುಂದೆ ರಸ್ತೆ ಹಗಲಿನಂತೆ ಬಿಚ್ಚಿಕೊಂಡಿತು. ಮೈಲಿಗಲ್ಲು, ಹುಣಸೆ ಮರದ ಬೊಡ್ಡೆಗೆ ಬಳಿದ ಸುಣ್ಣ, ಬೇಲಿಯ ಮೇಲೆ ಕೂತ ಗೂಬೆ ಎಲ್ಲವೂ ಕಂಡವು. ಗಾಡಿಗಳು ನಿಜವಾಗಿಯೂ ಸೈಡಿಗೆ ಹೋಗುತ್ತಿದ್ದವು. ಜೀವಮಾನವಿಡೀ ಬಸ್ಸಿಗೆ, ಲಾರಿಗೆ, ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಟ್ಟುಕೊಂಡು ಬಂದವಳಿಗೆ ಮೊದಲ ಸಲ ದಾರಿ ಸಿಕ್ಕಿತ್ತು. ದಿಂಬಿನ ಮೇಲೆ ಕೂತ ಐವತ್ತೆರಡರ ಹೆಂಗಸಿಗೆ ಅದು ತಲೆಗೇರಿತು.

ಅದಾಗಿ ಒಂದು ತಿಂಗಳಿಗೆ, ಅವರೆಕಾಯಿಯ ಕಾಲದಲ್ಲಿ, ಸಂಜೆ ಏಳರ ಸುಮಾರಿಗೆ ಹದಿನಾರಿನಿಂದ ನಂಜನಗೂಡಿನ ಕಡೆಗೆ ಬರುತ್ತಿದ್ದೆ. ತೆಳ್ಳಗೆ ಮಂಜು ಇಳಿದಿತ್ತು. ಎದುರಿನಿಂದ ಒಂದೇ ಒಂದು ಮಂಕು ದೀಪ ಬರುವುದು ಕಂಡಿತು. ಮೊಪೆಡ್ಡು ಎಂದು ಗೊತ್ತಾಯಿತು. ಸ್ವಿಚ್ಚಿಗೆ ಕೈ ಹಾಕಬಹುದಿತ್ತು, ಹೊತ್ತೂ ಇತ್ತು. ನಾನು ಹಾಕಲಿಲ್ಲ. ಸೈಡಿಗೆ ಹೋಗುತ್ತಾರೆ ಬಿಡು ಅಂದುಕೊಂಡೆ. ಹೀಗೆಯೇ ಅಂದುಕೊಂಡೆ, ಇದೇ ಮಾತುಗಳಲ್ಲಿ. ಇದನ್ನು ಬರೆಯುವಾಗಲೂ ಬೇರೆ ಏನಾದರೂ ಅಂದುಕೊಂಡಿದ್ದೆನೇ ಎಂದು ಹುಡುಕಿ ನೋಡಿದೆ, ಇಲ್ಲ.

ಆ ಮಂಕು ದೀಪ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತೂರಾಡಿ, ರಸ್ತೆಯಿಂದ ಕೆಳಗೆ ಹೋಗಿ ಆರಿತು.

ಗಾಡಿ ನಿಲ್ಲಿಸಿ ಓಡಿದೆ. ರಸ್ತೆಯ ಪಕ್ಕದ ಕಿರುನಾಲೆಯಲ್ಲಿ ನೀರಿರಲಿಲ್ಲ, ಕಲ್ಲು ಕಟ್ಟಿದ ದಂಡೆಯ ಕೆಳಗೆ ಮೊಪೆಡ್ಡು ಬಿದ್ದಿತ್ತು. ಅದರ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಬಲಗೈಯನ್ನು ಎದೆಗವಚಿಕೊಂಡು ಕೂತಿದ್ದರು. ಹೆಸರು ಸಿದ್ದರಾಜು ಎಂದು ಆಮೇಲೆ ತಿಳಿಯಿತು. ಹದಿನಾರಿನವರು, ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಕೆಲಸ. ಕೆಲಸ ಮುಗಿಸಿ ಮನೆಗೆ ಹೊರಟಿದ್ದರು.

ಮಣಿಕಟ್ಟು ಮುರಿದಿರುವುದು ಮುಟ್ಟಿದರೆ ತಿಳಿಯುತ್ತಿತ್ತು, ಹೆಗಲಿನ ಮುಂದಿನ ಮೂಳೆಯೂ ಹೋಗಿತ್ತು. ಕರುಗಳ ಕಾಲಿಗೆ ಕಟ್ಟುವ ದಬ್ಬೆ ಮತ್ತು ಬಟ್ಟೆ ಜೀಪಿನಲ್ಲಿತ್ತು. ಅದನ್ನೇ ಕಟ್ಟಿದೆ. ನೋವಿನಲ್ಲೂ ಅವರು ನನ್ನ ಗುರುತು ಹಿಡಿದರು.

"ದನಿನ್ ಡಾಕ್ಟ್ರಮ್ಮ ಅಲ್ವ್ರಾ? ಒಳ್ಳೆ ಟೇಮ್ಗೆ ಬಂದ್ರಿ ಕಣ್ರವ್ವ. ಯಾವನೋ ಲೈಟ್ ಬುಟ್ಕಂಡು ಬಂದ. ಕಣ್ಗೆ ಏನೂ ಕಾಣ್ನಿಲ್ಲ, ಬರೀ ಬೆಳ್ಳಗೆ. ನಿಲ್ಲಿಸ್ದೆ ಒಂಟೋದ ನೋಡಿ ಬಡ್ಡೀಮಗ."

ಯಾವನೋ ನಿಲ್ಲಿಸದೆ ಹೋದ, ಆಮೇಲೆ ನಾನು ಬಂದೆ. ಆ ಗಾಬರಿಯಲ್ಲಿ ಅವರ ಮನಸ್ಸು ಹಾಗೆ ಜೋಡಿಸಿಕೊಂಡಿತ್ತು. ನನ್ನ ಜೀಪಿನ ದೀಪಗಳು ಮೇಲೆ ರಸ್ತೆಯಲ್ಲಿ ಉರಿಯುತ್ತಲೇ ಇದ್ದವು. ನಾನು "ಮಾತಾಡಬೇಡಿ, ಮೆಲ್ಲಗೆ ಏಳಿ" ಎಂದೆ. ಜೀಪಿಗೆ ಹತ್ತಿಸುವ ಮುಂಚೆ, ಅವರು ನೋಡುವ ಮುಂಚೆ, ಒಳಗೆ ಕೈ ಹಾಕಿ ಸ್ವಿಚ್ಚು ಆರಿಸಿದೆ. ಅವತ್ತು ಅದು ತಕ್ಷಣ ಕೈಗೆ ಸಿಕ್ಕಿತು.

ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಲ್ಲರೂ ನನ್ನನ್ನು ಹೊಗಳಿದರು. ಈ ಕಾಲದಲ್ಲಿ ಯಾರು ನಿಲ್ಲಿಸುತ್ತಾರೆ ಎಂದರು. ಸಿದ್ದರಾಜು ಅವರ ತಾಯಿ ಚಿಕ್ಕತಾಯಮ್ಮ ಆಟೋದಲ್ಲಿ ಬಂದಿಳಿದು, ಮಗನ ಮುಖ ನೋಡಿದ ಮೇಲೆ ನೇರ ನನ್ನ ಹತ್ತಿರ ಬಂದು ಬಗ್ಗಿ ನನ್ನ ಕಾಲು ಮುಟ್ಟಿದರು. ಎಪ್ಪತ್ತು ದಾಟಿದ ಮುದುಕಿ. ನಾನು ಒಂದು ಹೆಜ್ಜೆ ಹಿಂದಕ್ಕೂ ಸರಿಯಲಿಲ್ಲ.

ಆ ರಾತ್ರಿ ನನಗೆ ಅಪ್ಪನ ನೆನಪಾಯಿತು. ಅಪ್ಪ ನಂಜನಗೂಡಿನಲ್ಲಿ ಮಠದ ಪಾಠಶಾಲೆಯ ಮೇಷ್ಟರು. ಸಂಜೆ ಪಾಠ ಮುಗಿಸಿ ಬರುವಾಗ ನಾನು ಅವರ ಜೊತೆ ನಡೆಯುತ್ತಿದ್ದೆ. ಬೀದಿ ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅವರ ಹತ್ತಿರ ಮೂರು ಸೆಲ್ಲಿನ ಟಾರ್ಚೊಂದಿತ್ತು. ಬೇರೆಯವರ ಅಪ್ಪಂದಿರು ಟಾರ್ಚನ್ನು ತೆಂಗಿನ ಮರದ ತುದಿಗೆ ಬಿಟ್ಟು ತೋರಿಸಿದರೆ ನಮ್ಮಪ್ಪ ತಮ್ಮ ಹೆಬ್ಬೆರಳಿನಿಂದ ಎರಡು ಮಾರು ಮುಂದಕ್ಕೆ ಮಾತ್ರ ಬಿಡುತ್ತಿದ್ದರು. ಎದುರಿಗೆ ಯಾರಾದರೂ ಬಂದರೆ ಟಾರ್ಚಿನ ಮುಖವನ್ನು ಪಂಚೆಗೆ ಒತ್ತಿಕೊಳ್ಳುತ್ತಿದ್ದರು. ಅವರ ತೊಡೆಯ ಹತ್ತಿರ ಬಟ್ಟೆ ಕೆಂಪಗೆ ಹೊಳೆಯುತ್ತಿತ್ತು. ಹಾಗೇಕೆ ಮಾಡುತ್ತೀರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನನಗೆ ಬೇಸರ ಮಾತ್ರ ಆಗುತ್ತಿತ್ತು. ಇಷ್ಟು ಒಳ್ಳೆಯ ಟಾರ್ಚಿದ್ದೂ ಹಾರಿ ಕುಣಿಯುವ ಬೆಳಕಿಲ್ಲವಲ್ಲ ಎಂದು.

ಒಂದು ವಾರ ಬಿಟ್ಟು ಸಿದ್ದರಾಜು ಅವರ ಮನೆಗೆ ಹೋದೆ, ಹೇಳಿಬಿಡಬೇಕೆಂದೇ. ಜೀಪಿನಲ್ಲಿ ಹೋಗುವ ಧೈರ್ಯವಾಗದೆ ಬಸ್ಸಿನಲ್ಲಿ ಹೋದೆ. ಅದರಲ್ಲೇ ನನ್ನ ಪ್ರಾಮಾಣಿಕತೆ ಎಷ್ಟೆಂದು ನಿಮಗೆ ತಿಳಿದಿರಬೇಕು. ಚಿಕ್ಕತಾಯಮ್ಮ ಒಳ್ಳೆಯ ಚಾಪೆ ಹುಡುಕಿ ಹಾಸಿದರು. ಪಕ್ಕದ ಮನೆಯವರನ್ನು ಕರೆದು, ಮಗನ ಕಡೆ ಕೈ ಮಾಡಿ, "ನಮ್ ಐದನ್ ಜೀವ ಉಳ್ಸುದ್ ತಾಯಿ ಇವ್ರೇ" ಎಂದು ತೋರಿಸಿದರು. ನಾನು ಹೇಳಲಿಲ್ಲ. ಹೊರಡುವಾಗ ಒಂದು ಚೀಲ ತುಂಬಾ ಸೊಗಡಿನ ಅವರೆಕಾಯಿ ಕೊಟ್ಟರು. ಅದನ್ನು ಬಿಡಿಸಲೂ ಆಗದೆ, ಯಾರಿಗಾದರೂ ಕೊಡಲೂ ಆಗದೆ, ಅಡುಗೆಮನೆಯ ಮೂಲೆಯಲ್ಲಿ ಅದು ಬಾಡಿ ಕಪ್ಪಾಗುವುದನ್ನು ನಾಲ್ಕು ದಿನ ನೋಡಿದೆ.

ಐದನೆಯ ದಿನ ಜೀಪಿನಲ್ಲೇ ಹೋದೆ. ದೀಪಗಳು ಹಾಗೆಯೇ ಇದ್ದವು. ಬೆಳಗ್ಗೆ ಹತ್ತು ಗಂಟೆ. ಸಿದ್ದರಾಜು ಜಗುಲಿಯ ಮೇಲೆ ಮುರಿದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಟ್ಟು ಕೂತಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ ಕಾಣುತ್ತಿತ್ತು. ಚಿಕ್ಕತಾಯಮ್ಮ ತಂದುಕೊಟ್ಟ ಟೀ ಲೋಟವನ್ನು ಹಿಡಿದುಕೊಂಡೇ ಹೇಳಿದೆ. "ಅವತ್ತು ನಿಲ್ಲಿಸದೆ ಹೋದವರು ಯಾರೂ ಇಲ್ಲ ಸಿದ್ದರಾಜು. ಆ ಲೈಟು ನನ್ನದು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಾಗಿಲಾಚೆ ನಿಂತಿದ್ದ ಜೀಪನ್ನು ನೋಡಿದರು. ಎದ್ದು ಹೋಗಿ, ಎಡಗೈಯಿಂದ ಒಂದು ದೀಪದ ಗಾಜನ್ನು ಮುಟ್ಟಿದರು.

"ಇವೇಯಾ?"

"ಹೌದು."

"ನೀವ್ ನನ್ನ ನೋಡಿದ್ರಾ?"

"ನೋಡಿದೆ. ಆರಿಸಬಹುದಿತ್ತು. ನೀವೇ ಸೈಡಿಗೆ ಹೋಗುತ್ತೀರಿ ಅಂದುಕೊಂಡೆ."

ನಾನು ಪೊಲೀಸು ಠಾಣೆಗೆ ಬಂದು ಬರೆದುಕೊಡುತ್ತೇನೆ ಎಂದೆ. ಆಸ್ಪತ್ರೆಯದೂ, ಕೆಲಸ ತಪ್ಪಿದ ದಿನಗಳದೂ ನನ್ನ ಜವಾಬ್ದಾರಿ ಎಂದೆ. ಅವರು ಅದಕ್ಕೆಲ್ಲ ಕಿವಿಗೊಟ್ಟ ಹಾಗೆ ಕಾಣಲಿಲ್ಲ.

"ಕೈ ಮುರ್ದದ್ದು ಬುಡಿ. ಅದು ಕೂಡ್ಕತದೆ," ಎಂದರು ಕೊನೆಗೆ. ದನಿ ಏರಿರಲಿಲ್ಲ. "ಯಾರ್ ಕಾಲೂ ಮುಟ್ಬ್ಯಾಡ ಕಣವ್ವ ಅಂತ ನಮ್ಮವ್ವನ್ಗೆ ಇಪ್ಪತ್ ವರ್ಸದಿಂದ ಏಳ್ತಾ ಇವ್ನಿ. ದೊಡ್ಡ ಮನೆಯೋರು ಬಂದ್ರೂ ಮುಟ್ತಾ ಇರ್ನಿಲ್ಲ. ಅವತ್ತು ನಿಮ್ ಕಾಲ್ ಮುಟ್ಬುಟ್ಲು. ಬ್ಯಾಡ ಅನ್ನಾಕೂ ಬಾಯ್ ಬರ್ನಿಲ್ವಾ ನಿಮ್ಗೆ?"

ಕತ್ತಲೆ, ಮಂಜು, ಸ್ವಿಚ್ಚು ದೂರವಿತ್ತು ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಅವರ ಈ ಪ್ರಶ್ನೆಗೆ ಉಪಯೋಗಕ್ಕೆ ಬರುವಂಥವಲ್ಲ. ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೆಲ್ಲಗೆ ಹತ್ತಿರ ಬಂದು, ನನ್ನ ಕೈಯಲ್ಲಿ ಇನ್ನೂ ಅರ್ಧ ಟೀ ಇದ್ದ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು.

ಅವತ್ತೇ ಮನೆಗೆ ಬಂದು ದೀಪ ಬಿಚ್ಚಿದೆ. ಠಾಣೆಗೂ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಠಾಣೆಯವರು ಸಿದ್ದರಾಜು ಅವರನ್ನು ಕರೆಸಿ ಕೇಳಿದರಂತೆ. "ಅವ್ರೇ ಒಪ್ಕಂಡವ್ರಲ್ಲ, ಇನ್ನೇನ್ ಕೇಳೀರಿ" ಎಂದು ಸಿದ್ದರಾಜು ಅಂದರಂತೆ. ಖರ್ಚಿನ ವಿಷಯಕ್ಕೆ ಅವರು ಬೇಡ ಅನ್ನಲಿಲ್ಲ, ನಾನು ಹೆಚ್ಚು ಮಾತಾಡಲಿಲ್ಲ.

ಆದರೆ ಹಸುಗಳು ನನಗಾಗಿ ಕಾಯುವುದಿಲ್ಲವಲ್ಲ. ಕತ್ತಲಾದ ಮೇಲೂ ಫೋನು ಬರುತ್ತದೆ, ಕಬ್ಬಿನ ನಡುವೆ ಹೋಗಲೇಬೇಕು. ಪುಟ್ಟಗೌರಮ್ಮನವರ ಹಸುವನ್ನು ಮರೆಯುವ ಹಾಗೂ ಇರಲಿಲ್ಲ. ಒಂದು ತಿಂಗಳು ಹೇಗೋ ತಡವರಿಸಿಕೊಂಡು ಓಡಾಡಿ, ತಿ. ನರಸೀಪುರದ ಬಸ್‌ ನಿಲ್ದಾಣದ ಹಿಂದೆ ಗಾಡಿಗಳ ವೈರಿಂಗ್ ಮಾಡುವ ಕರೀಂ ಸಾಬರ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಲಾರಿ ಟ್ರಾಕ್ಟರುಗಳ ದೀಪ ನೋಡಿದವರು. ಅವರಿಗೂ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು.

"ನೀವು ಎಲ್ಲಿ ಓಡಿಸ್ತೀರಿ ಮೇಡಂ? ಹೈವೇನಾ?"

"ಇಲ್ಲ. ನಾಲೆ ಏರಿ, ಗದ್ದೆ ದಾರಿ."

"ಅಲ್ಲಿ ಎಷ್ಟು ಸ್ಪೀಡು?"

"ಇಪ್ಪತ್ತು ದಾಟಲ್ಲ."

"ಮತ್ತೆ ಒಂದು ಕಿಲೋಮೀಟರ್ ದೂರ ನೋಡಿ ಏನ್ ಮಾಡ್ತೀರಿ? ನಿಮಗೆ ಬೇಕಾಗಿರೋದು ಪಕ್ಕ. ಏರಿ ಅಂಚು ಎಲ್ಲಿ, ಗುಂಡಿ ಎಲ್ಲಿ, ತಿರುವು ಎಲ್ಲಿ, ಅಷ್ಟೇ."

ಅವರು ಆರಿಸಿಕೊಟ್ಟದ್ದು ಅಂಗೈಯಗಲದ ಎರಡು ದೀಪ. ಹಳದಿ ಬೆಳಕು, ಮಂಜಿನಲ್ಲಿ ಅದು ಕಣ್ಣಿಗೆ ಹೊಡೆಯುವುದು ಕಡಿಮೆಯಂತೆ. ಗಾಜಿನ ಮೇಲೆ ಸಣ್ಣ ಸಣ್ಣ ಗೀರುಗಳು, ಬೆಳಕನ್ನು ಎಡಕ್ಕೂ ಬಲಕ್ಕೂ ಹರಡಲು. ಬಂಪರಿನ ಮೇಲಲ್ಲ, ಅದರ ಕೆಳಗೆ ಕೂರಿಸಿದರು. ವೈರನ್ನು ಹೆಡ್‌ಲೈಟಿನ ಜೊತೆ ಸೇರಿಸಿ, ಡಿಮ್ ಮಾಡಿದ ತಕ್ಷಣ ಇವೂ ಆರುವ ಹಾಗೆ ಮಾಡಿದರು. "ಆರಿಸ್ಬೇಕು ಅಂತ ಯೋಚನೆ ಮಾಡೋ ಹಾಗೆ ಇಡಬಾರದು ಮೇಡಂ. ಮನುಷ್ಯ ಯೋಚನೆ ಮಾಡ್ತಾ ಕೂತ್ಬಿಡ್ತಾನೆ" ಎಂದರು. ಅಂಗಡಿಯ ಎದುರಿನ ಗೋಡೆಗೆ ಬೆಳಕು ಬಿಟ್ಟು, ಸುಣ್ಣದ ಗೆರೆ ಎಳೆದು, ದೀಪದ ಮೂತಿಯನ್ನು ಅಷ್ಟಿಷ್ಟು ತಗ್ಗಿಸಿ ನೋಡಿದರು. ಆಮೇಲೆ ನಟ್ಟುಗಳನ್ನು ಪೂರ್ತಿ ಬಿಗಿ ಮಾಡದೆ, ಒಂದು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು.

"ಗೋಡೆಗೆ ಕಣ್ಣಿಲ್ಲ ಮೇಡಂ. ಯಾರನ್ನಾದ್ರೂ ಎದುರಿಗೆ ನಿಲ್ಲಿಸಿ ಕೇಳಿ. ಚುಚ್ಚುತ್ತೋ ಇಲ್ವೋ ಅವರೇ ಹೇಳ್ಬೇಕು. ಆಮೇಲೆ ಬಿಗಿ ಮಾಡ್ಕೊಳ್ಳಿ."

ಯಾರನ್ನು ನಿಲ್ಲಿಸುವುದು? ಮನೆಯಲ್ಲಿ ಜನರಿದ್ದರು, ಕೆಲಸದ ಜಾಗದಲ್ಲಿ ಇದ್ದರು. ಆದರೂ ಮೂರು ದಿನ ಆ ಸ್ಪ್ಯಾನರ್ ಸೀಟಿನ ಮೇಲೆ ಉರುಳಾಡುತ್ತಿತ್ತು. ನಾಲ್ಕನೆಯ ದಿನ, ಒಂದು ಭಾನುವಾರ, ಹದಿನಾರಿಗೆ ಹೋದೆ.

ಸಿದ್ದರಾಜು ಅವರ ಕೈಯ ಕಟ್ಟು ಬಿಚ್ಚಿತ್ತು. ಕೆಲಸಕ್ಕೆ ಮತ್ತೆ ಹೋಗುತ್ತಿದ್ದರು, ಆದರೆ ಬಸ್ಸಿನಲ್ಲಿ. ರಿಪೇರಿಯಾಗಿ ಬಂದ ಮೊಪೆಡ್ಡು ಸೂರಿನ ಕೆಳಗೆ ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ನನ್ನನ್ನು ನೋಡಿ ಅವರು ಬನ್ನಿ ಎಂದೂ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ಅಂಗಳದಲ್ಲೇ ನಿಂತು ಬಂದ ಕಾರಣ ಹೇಳಿದೆ. ಬೇರೆ ದೀಪ ಹಾಕಿಸಿದ್ದೇನೆ, ಎದುರಿನವರ ಕಣ್ಣಿಗೆ ಹೇಗಿರುತ್ತದೋ ನೋಡಿ ಹೇಳಬೇಕು, ನೀವು ಬೇಡ ಎಂದರೆ ಬಿಚ್ಚಿಹಾಕುತ್ತೇನೆ.

"ನಾನೇ ಯಾಕೆ?" ಎಂದರು.

"ಬೇರೆಯವರು ನನಗೆ ಬೇಜಾರಾಗುತ್ತೆ ಅಂತ ಸರಿಯಾಗಿದೆ ಅಂದುಬಿಡುತ್ತಾರೆ."

ಅವರು ಜೀಪಿನ ಮುಂದೆ ಕುಕ್ಕರಿಸಿ ಕೂತು, ಬಂಪರಿನ ಕೆಳಗೆ ನೋಡಿ, ಮುರಿದಿದ್ದ ಕೈಯಿಂದಲೇ ಒಂದು ದೀಪವನ್ನು ಅಲ್ಲಾಡಿಸಿದರು. ಲೇಥ್ ಕೆಲಸದವರ ಕೈ, ನಟ್ಟು ಸಡಿಲವಿರುವುದು ತಕ್ಷಣ ತಿಳಿಯಿತು. "ಕತ್ಲಾಗ್ಲಿ," ಎಂದರು.

ಹೊತ್ತು ಮುಳುಗಿ ಆಕಾಶದಲ್ಲಿ ಇನ್ನೂ ಚೂರು ಕೆಂಪು ಉಳಿದಿರುವಾಗ ಇಬ್ಬರೂ ಊರಾಚೆಯ ರಸ್ತೆಗೆ ಹೋದೆವು. ನಾನು ಜೀಪನ್ನು ನಂಜನಗೂಡಿನ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದೆ. ಅವರು ಎದುರಿಗೆ ಐವತ್ತು ಹೆಜ್ಜೆ ನಡೆದು ಎದುರಿನಿಂದ ಬರುವ ಗಾಡಿಗಳ ಬದಿಯಲ್ಲಿ ನನ್ನ ಕಡೆಗೆ ತಿರುಗಿ ನಿಂತರು. ದೀಪ ಹಾಕಿದೆ. ಹಳದಿ ಬೆಳಕಿನಲ್ಲಿ ಅವರು ಕಣ್ಣು ಕಿರಿದು ಮಾಡಿಕೊಂಡಿದ್ದು ಕಂಡಿತು.

"ಕೆಳಕ್ಕೆ!" ಎಂದು ಕೂಗಿದರು.

ಇಳಿದು, ಮೊಣಕಾಲೂರಿ, ಸ್ಪ್ಯಾನರಿನಿಂದ ದೀಪದ ಮೂತಿ ತಗ್ಗಿಸಿದೆ.

"ಇನ್ನೊಂಚೂರು! ಬಲ್ಗಡೇದು, ಬಲ್ಗಡೇದು!"

ಮತ್ತೆ ತಗ್ಗಿಸಿದೆ. ಬೆಳಕು ಅವರ ಮುಖದಿಂದ ಎದೆಗೆ, ಎದೆಯಿಂದ ಮೊಣಕಾಲಿಗೆ ಇಳಿಯಿತು. ಕೊನೆಗೆ ಅವರ ಚಪ್ಪಲಿಯ ಹತ್ತಿರ ಬಂದು ನಿಂತಿತು. ಅವರು ಎರಡೂ ಕಣ್ಣು ಅಗಲವಾಗಿ ಬಿಟ್ಟು ಬಹಳ ಹೊತ್ತು ನೇರವಾಗಿ ಬೆಳಕನ್ನು ನೋಡಿದರು. ಮುಖ ಈಗ ನನಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆಮೇಲೆ ನನ್ನ ಪಕ್ಕದಲ್ಲೇ ಹಾದು ಊರಿನ ಕಡೆಗೆ ನಡೆದುಹೋದರು.

ಬೇಸರಗೊಂಡು ಹೋದರೇನೋ ಎಂದುಕೊಂಡೆ. ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದೆ ಸ್ಟೇರಿಂಗ್ ಹಿಡಿದು ಕೂತೆ. ಐದು ಹತ್ತು ನಿಮಿಷದ ಮೇಲೆ ಹಿಂದಿನಿಂದ ಮೊಪೆಡ್ಡಿನ ಸದ್ದು ಬಂತು. ಸಿದ್ದರಾಜು ಮೊಪೆಡ್ಡಿನ ಮೇಲಿದ್ದರು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡು, ನನ್ನನ್ನು ದಾಟಿ ನಂಜನಗೂಡಿನ ಕಡೆಗೆ ಮೆಲ್ಲಗೆ ಹೋದರು. ಒಂದು ಫರ್ಲಾಂಗಿನಾಚೆ ಅವರ ಕೆಂಪು ದೀಪ ನಿಂತಿತು, ತಿರುಗಿತು. ಈಗ ಆ ಕಡೆಯಿಂದ ಒಂದೇ ಒಂದು ಮಂಕು ದೀಪ ನನ್ನ ಕಡೆಗೆ ಬರತೊಡಗಿತು.

ಡಿಮ್ ಮಾಡಿದೆ. ಹಳದಿ ದೀಪಗಳು ಟಕ್ಕನೆ ಆರಿ, ಹಳೆಯ ಹೆಡ್‌ಲೈಟಿನ ಬಡ ಬೆಳಕು ಮಾತ್ರ ಉಳಿಯಿತು. ಮೊಪೆಡ್ಡು ಅಲ್ಲಾಡಲಿಲ್ಲ. ರಸ್ತೆಯ ಅಂಚಿಗೂ ಸರಿಯಲಿಲ್ಲ. ತನ್ನ ಪಾಲಿನ ದಾರಿಯಲ್ಲಿ ಒಂದೇ ವೇಗದಲ್ಲಿ ಬಂದು, ನನ್ನ ಕಿಟಕಿಯ ಪಕ್ಕದಲ್ಲಿ ಹಾದುಹೋಯಿತು. ಸಿದ್ದರಾಜು ನಿಲ್ಲಿಸಲಿಲ್ಲ, ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಊರಿನ ತಿರುವಿನಲ್ಲಿ ಅವರ ಇಂಡಿಕೇಟರು ಮಿನುಗಿದ್ದು ಕನ್ನಡಿಯಲ್ಲಿ ಕಂಡಿತು. ಅದು ತಿರುವಿಗಾಗಿ, ನನಗಾಗಿ ಅಲ್ಲ ಎಂದು ಗೊತ್ತು.

ಸದ್ದು ಪೂರ್ತಿ ಅಡಗಿದ ಮೇಲೆ ಇಳಿದು, ಮೊಣಕಾಲೂರಿ, ನಟ್ಟುಗಳನ್ನು ಬಿಗಿ ಮಾಡಿದೆ.